ಮಕ್ಕಳ ಕೈಯ ಬೆಳಕಿಂಡಿ

ಬನಶಂಕರಿ ಮೂರನೆಯ ಹಂತಕ್ಕೆ ತಾಗಿಕೊಂಡಿರುವ ಹೊಸಕೆರೆಹಳ್ಳಿಯು ಇಂದು ಹೆಸರಿಗೆ ಮಾತ್ರ ಹಳ್ಳಿ. ಕೆರೆಯ ಸುತ್ತಮುತ್ತ ಬಹುಮಹಡಿ ಮನೆಗಳು ಎದ್ದು ನಿಂತಿವೆ. ಧಾರವಾಡ, ಬಾಗಲಕೋಟೆ, ಹಾವೇರಿಗಳ ಕಡೆಯಿಂದ ಮಗನ ಮನೆಗೋ ಮಗಳ ಮನೆಗೋ ಬಂದು ಇಂತಹ ಬಡಾವಣೆಗಳಲ್ಲಿ ನೆಲೆಸಿದ ಹಿರಿಯರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ತಂದೆತಾಯಿಗಳು ಕೆಲಸಕ್ಕೆ ಹೊರಟ ಮೇಲೆ ಮನೆಯಲ್ಲಿ ಉಳಿಯುವವರು ಅಜ್ಜ, ಅಜ್ಜಿ ಮತ್ತು ಮಗು. ಅಜ್ಜಿ ‘ಖಿಡಕಿ’ ಎಂದರೆ ಮೊಮ್ಮಗಳು ‘ವಿಂಡೋ’ ಎನ್ನುತ್ತಾಳೆ. ಇಬ್ಬರೂ ಒಂದೇ ಗಾಜಿನ ಮುಂದೆ ನಿಂತು ಹೊರಗೆ ನೋಡುತ್ತಾರೆ. ಮಾತು ಮಾತ್ರ ಬೆಳೆಯುವುದಿಲ್ಲ. ಸ್ವಲ್ಪ ಹೊತ್ತಿಗೆ ಮಗುವಿನ ಕೈಗೆ ಮೊಬೈಲು ಬರುತ್ತದೆ.

ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತಿಳಿಸಿತು. ಹೇಳುವುದು ಸುಲಭ. ಉಳಿದ ಗಂಟೆಗಳನ್ನು ಹೇಗೆ ತುಂಬುವುದೆಂಬುದು ಮನೆಯಲ್ಲಿರುವ ಅಜ್ಜಿಯ ಚಿಂತೆ. ಆ ಚಿಂತೆಗೆ ಆ ಕಿಟಕಿಯೇ ಒಂದು ಪರಿಹಾರವಾಗಬಲ್ಲದು. ಮಕ್ಕಳ ಕೈಯಿಂದ ಗಾಜಿಗೆ ಬಣ್ಣದ ಕಾಗದದ ಚಿತ್ರಗಳನ್ನು ಮಾಡಿಸುವ ವಿಚಾರವನ್ನು ಈ ಸಂಚಿಕೆಯಲ್ಲಿ ನೋಡೋಣ.

ಕಿಟಕಿಯನ್ನು ಅಲಂಕರಿಸುವುದು ನಮ್ಮ ನಾಡಿಗೆ ಹೊಸತೇನೂ ಅಲ್ಲ. ಸಂಸ್ಕೃತದ ‘ಗವಾಕ್ಷ’ ಶಬ್ದಕ್ಕೆ ಗೋವಿನ ಕಣ್ಣು ಎಂದೇ ಅರ್ಥ. ಎಂಟನೆಯ ಶತಮಾನದಲ್ಲಿ ಕಟ್ಟಿದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ ಕಲ್ಲನ್ನು ಕೊರೆದು ಮಾಡಿದ ಜಾಲಂಧ್ರಗಳಿವೆ. ಒಂದರ ವಿನ್ಯಾಸ ಇನ್ನೊಂದಕ್ಕಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ತೆರೆದ ಮಂಟಪಕ್ಕೆ ಮುಂದೆ ವೀರಬಲ್ಲಾಳನ ಕಾಲದಲ್ಲಿ ಇಂತಹ ಜಾಲಂಧ್ರಗಳನ್ನು ಕೂರಿಸಿದರು. ಅರಮನೆ ದೇಗುಲಗಳ ಮಾತು ಬಿಡಿ. ಉತ್ತರ ಕರ್ನಾಟಕದ ಮಾಳಿಗೆ ಮನೆಗಳಲ್ಲಿ ಮಣ್ಣಿನ ಮೇಲ್ಮುದ್ದೆಯ ನಡುವೆ ಬಿಟ್ಟ ಬೆಳಕಿಂಡಿಯಿಂದ ಇಳಿದ ಬಿಸಿಲು ನೆಲದ ಮೇಲೆ ಸರಿಯುವುದನ್ನು ನೋಡಿ ಹೊತ್ತನ್ನು ಅಂದಾಜು ಮಾಡುತ್ತಿದ್ದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ದೀಪಾವಳಿಗೆ ಬಿದಿರಿನ ಕಡ್ಡಿ ಸೀಳಿ, ಗಾಳಿಪಟದ ಕಾಗದ ಅಂಟಿಸಿ ಆಕಾಶಬುಟ್ಟಿ ಕಟ್ಟಿದವರೂ ಅವರೇ. ಕರಾವಳಿಯಲ್ಲಿ ಅದಕ್ಕೆ ಗೂಡುದೀಪವೆನ್ನುತ್ತಾರೆ. ಆಕಾಶಬುಟ್ಟಿ ಕಟ್ಟಿ ಬಲ್ಲ ಕೈಗಳಿಗೆ ಕಿಟಕಿಯ ಚಿತ್ರವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಕಾಗದ ಅದೇ, ಅಂಟು ಅದೇ. ಒಳಗಿನ ಹಣತೆಯ ಬದಲು ಹೊರಗಿನ ಸೂರ್ಯ.

ಈಗ ವಿಧಾನ. ಮೂರು ವರ್ಷದ ಮಗುವಿಗೆ ಕತ್ತರಿ ಬೇಡ. ಗಾಳಿಪಟದ ತೆಳುಕಾಗದವನ್ನು ಹರಿಯಲಿ. ಎರಡೂ ಕೈಗಳ ಹೆಬ್ಬೆರಳು ತೋರುಬೆರಳುಗಳು ಒಂದನ್ನೊಂದು ಅರಿತು ನಡೆಯುವುದಕ್ಕೆ ಹರಿಯುವಷ್ಟು ಒಳ್ಳೆಯ ಸಾಧನೆ ಇನ್ನೊಂದಿಲ್ಲ. ನಾಲ್ಕು ಐದು ವರ್ಷದವರಿಗೆ ತುದಿ ಮೊಂಡಾದ ಪುಟ್ಟ ಕತ್ತರಿ ಕೊಡಬಹುದು. ಆರು ದಾಟಿದವರು ಚೌಕ ಕಾಗದವನ್ನು ಮೂರು ಸಲ ಮಡಿಸಿ, ಅಂಚುಗಳಲ್ಲಿ ಕಚ್ಚು ಹಾಕಿ ಬಿಡಿಸಿದರೆ ಎಂಟು ಪಾಲಿನ ಹೂವೊಂದು ತಾನಾಗಿ ಅರಳುತ್ತದೆ. ಹಳದಿಯ ಮೇಲೆ ನೀಲಿ ಬಂದಲ್ಲಿ ಹಸಿರಾಗುವುದನ್ನು ನೀವು ಹೇಳಿಕೊಡಬೇಡಿರಿ, ಮಗುವೇ ಕಂಡು ಕೂಗಲಿ. ಚೂರುಗಳ ಸುತ್ತ ಕಪ್ಪು ಕಾಗದದ ಪಟ್ಟಿಯ ಚೌಕಟ್ಟು ಹಾಕಿದರೆ ಬಣ್ಣ ಎದ್ದು ಕಾಣುತ್ತದೆ. 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಕಲ್ಯಾಣ ಮಂಟಪದ ನವಿಲು ಚಿತ್ರದ ಗಾಜಿನ ಛಾವಣಿಯನ್ನು ಕಂಡವರಿಗೆ ಇದರ ಮರ್ಮ ತಿಳಿದೀತು. ಅಲ್ಲಿ ಬಣ್ಣದಷ್ಟೇ ಕೆಲಸವನ್ನು ನಡುವಿನ ಕಪ್ಪು ಗೆರೆಗಳೂ ಮಾಡುತ್ತವೆ.

ಬಣ್ಣದ ಕಾಗದ ಸಿಗದಿದ್ದರೂ ಚಿಂತೆಯಿಲ್ಲ. ಸಾಮಾನ್ಯ ಬಿಳಿ ಹಾಳೆಯ ಮೇಲೆ ಮಗು ಮೇಣದ ಬಣ್ಣದ ಕಡ್ಡಿಯಿಂದ ಒತ್ತಿ ಬರೆಯಲಿ. ಹಿಂಬದಿಗೆ ಹತ್ತಿಯಿಂದ ತುಸು ಕೊಬ್ಬರಿ ಎಣ್ಣೆ ಸವರಿರಿ. ಕಾಗದದ ಎಳೆಗಳ ನಡುವಿನ ಗಾಳಿಯ ಜಾಗವನ್ನು ಎಣ್ಣೆ ತುಂಬುವುದರಿಂದ ಬೆಳಕು ಚದುರದೆ ಒಳಗೆ ಹಾಯುತ್ತದೆ, ಹಾಳೆ ಗಾಜಿನಂತಾಗುತ್ತದೆ. ಎಣ್ಣೆಯ ಹಾಳೆಗೆ ಅಂಟು ಹಿಡಿಯದು. ಆದ್ದರಿಂದ ಅಂಚುಗಳಿಗೆ ಎಣ್ಣೆ ತಾಗಿಸದೆ ಬಿಡಬೇಕು.

ಅಂಟಿಗೆ ಮೈದಾ ಸಾಕು. ಒಂದು ಚಮಚ ಹಿಟ್ಟನ್ನು ಐದಾರು ಚಮಚ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಮಗುಚುತ್ತ ಕಾಯಿಸಿ, ಆರಿಸಿ ಬಳಸಬೇಕು. ಒಂದು ಎಚ್ಚರಿಕೆ. ಹುಳು ಹಿಡಿಯದಿರಲೆಂದು ಪುಸ್ತಕಕ್ಕೆ ರಟ್ಟು ಕಟ್ಟುವವರು ಈ ಅಂಟಿಗೆ ಮೈಲುತುತ್ತ ಸೇರಿಸುವ ರೂಢಿಯುಂಟು. ಅದು ವಿಷ. ಬೆರಳನ್ನು ಬಾಯಿಗಿಡುವ ಮಕ್ಕಳಿರುವಲ್ಲಿ ಅದನ್ನು ಸರ್ವಥಾ ಸೇರಿಸಕೂಡದು. ಎರಡು ದಿನಕ್ಕೆ ಅಂಟು ಹುಳಿಯಾದರೆ ಚೆಲ್ಲಿ ಹೊಸದು ಮಾಡಿರಿ.

ಇದಕ್ಕಿಂತ ದೊಡ್ಡ ಎಚ್ಚರಿಕೆ ಕಿಟಕಿಯದೇ. ಮೂರನೆಯ ನಾಲ್ಕನೆಯ ಮಹಡಿಯ ಕಿಟಕಿಯ ಬಳಿ ಕುರ್ಚಿ ಸ್ಟೂಲುಗಳನ್ನಿಟ್ಟು ಮಗುವನ್ನು ಹತ್ತಿಸಬಾರದು. ಇಂದು ಚಿತ್ರ ಅಂಟಿಸಲು ಹತ್ತಿದ ಮಗು ನಾಳೆ ಯಾರೂ ಇಲ್ಲದಾಗ ಅದನ್ನು ನೋಡಲು ಹತ್ತೀತು. ಕತ್ತರಿಸುವ, ಅಂಟಿಸುವ ಕೆಲಸವೆಲ್ಲ ನೆಲದ ಮೇಲೆ ಚಾಪೆ ಹಾಸಿ ನಡೆಯಲಿ. ಸರಳುಗಳಿರುವ ಕಿಟಕಿಯ ಕೆಳಗಿನ ಗಾಜನ್ನೇ, ಮಗು ನೆಲದ ಮೇಲೆ ನಿಂತರೆ ಕೈಗೆಟಕುವ ಎತ್ತರವನ್ನೇ ಆರಿಸಿರಿ. ಅದಕ್ಕಿಂತ ಮೇಲೆ ಅಂಟಿಸುವುದಿದ್ದರೆ ಹಿರಿಯರು ಅಂಟಿಸಲಿ.

ಹಿರಿಯರ ಕೈ ಅಷ್ಟಕ್ಕೇ ಸೀಮಿತವಾಗಿರಲಿ ಎಂಬುದು ನನ್ನ ಮುಖ್ಯ ಬಿನ್ನಹ. ಮಗು ಕತ್ತರಿಸಿದ ಹೂವಿನ ಎಸಳುಗಳಲ್ಲಿ ಒಂದು ದೊಡ್ಡದು, ಒಂದು ಗಿಡ್ಡ ಇದ್ದೇ ಇರುತ್ತದೆ. ಸಂಜೆ ಅತಿಥಿಗಳು ಬರುತ್ತಾರೆಂದು ಅದನ್ನು ತಿದ್ದಿ ಕತ್ತರಿಸುವ ದೊಡ್ಡವರುಂಟು. ಅಂಗಡಿಯಿಂದ ಸಿದ್ಧ ಸ್ಟಿಕರ್ ತಂದು ಅದರ ಮೇಲೆ ಅಂಟಿಸುವವರೂ ಉಂಟು. ಬೆಳಿಗ್ಗೆ ಎದ್ದ ಮಗುವಿಗೆ ಅದು ತನ್ನ ಹೂವಲ್ಲವೆಂದು ಕೂಡಲೇ ತಿಳಿಯುತ್ತದೆ. ಅದು ಅಳಲಿಕ್ಕಿಲ್ಲ, ಮರುದಿನ ಕತ್ತರಿಯನ್ನು ಮುಟ್ಟಲಿಕ್ಕಿಲ್ಲ. ಮೊದಲೇ ಮೊಬೈಲಿನಲ್ಲಿ ಚಿತ್ರ ತೆಗೆದು ಹತ್ತು ಜನರಿಗೆ ಕಳುಹಿಸುವ ಅವಸರವೂ ಬೇಡ. ಯಾರ ಮೆಚ್ಚುಗೆಗೂ ಕಾಯದೆ ಒಂದು ಕೆಲಸವನ್ನು ಮುಗಿಸುವ ಸುಖ ಮಗುವಿಗೂ ಸ್ವಲ್ಪ ದಕ್ಕಲಿ.

ಕೈ ಹಿಂದಿಟ್ಟರೆ ಅಜ್ಜಿಗೆ ಉಳಿಯುವುದು ಮಾತು, ಮತ್ತು ಅದು ಸಣ್ಣ ಪಾಲಲ್ಲ. ಮಡಿಸು, ಬಿಡಿಸು, ಹರಿ, ಅಂಚು, ಮೂಲೆ, ಓರೆ, ಚೂರು, ಒದ್ದೆ, ತೆಳು — ಈ ಶಬ್ದಗಳನ್ನು ಯಾವ ಪಾಠಪುಸ್ತಕವೂ ಇಷ್ಟು ಚೆನ್ನಾಗಿ ಕಲಿಸಲಾರದು. ಕೈಯಲ್ಲಿ ಕಾಗದವಿರುವಾಗ ಕೇಳಿದ ಶಬ್ದ ಮಗುವಿನಲ್ಲಿ ನಿಲ್ಲುತ್ತದೆ. ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಗಳಿಗೆ ಕನ್ನಡ ಬಾರದೆಂದು ಕೊರಗುವ ಹಿರಿಯರು ಈ ಅರ್ಧ ಗಂಟೆಯನ್ನು ಬಿಟ್ಟುಕೊಡಬಾರದು. ಕೈ ನಡುಗುತ್ತದೆ, ವಯಸ್ಸಾಯಿತು ಎನ್ನುವವರಿಗೂ ಒಂದು ಮಾತು. ಫ್ರಾನ್ಸಿನ ಚಿತ್ರಕಾರ ಆನ್ರಿ ಮಾತೀಸ್ 1941ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾದ ಬಳಿಕ ಬಹುಪಾಲು ಗಾಲಿಕುರ್ಚಿಯಲ್ಲಿ, ಹಾಸಿಗೆಯಲ್ಲಿ ಕಾಲ ಕಳೆದವರು. ಕತ್ತರಿ ಹಿಡಿದು ಬಣ್ಣದ ಕಾಗದ ಕತ್ತರಿಸತೊಡಗಿದರು. ವಾಂಸ್ ಎಂಬ ಊರಿನಲ್ಲಿ 1951ರಲ್ಲಿ ಪೂರ್ಣಗೊಂಡ ಪ್ರಾರ್ಥನಾಮಂದಿರದ ಹಳದಿ, ಹಸಿರು, ನೀಲಿ ಗಾಜಿನ ಕಿಟಕಿಗಳು ಹುಟ್ಟಿದ್ದು ಆ ಕಾಗದದ ಚೂರುಗಳಿಂದ. ಆಗ ಅವರಿಗೆ ಎಂಬತ್ತೊಂದು.

ಚಿತ್ರ ಗಾಜಿಗೇರಿದ ಮೇಲೆ ಅರ್ಧ ಕೆಲಸವಷ್ಟೇ ಮುಗಿಯಿತು, ಉಳಿದರ್ಧ ಬಿಸಿಲಿನದು. ಬಣ್ಣದ ನೆರಳು ನೆಲದ ಮೇಲೆ ಬಿದ್ದಲ್ಲಿ ಮಗುವಿನಿಂದ ಬಳಪದ ಗೆರೆ ಎಳೆಸಿರಿ. ಹತ್ತು ನಿಮಿಷದಲ್ಲಿ ಬಣ್ಣ ಗೆರೆ ದಾಟಿರುತ್ತದೆ. ಹೊಸಕೆರೆಹಳ್ಳಿಗೆ ದೂರವಲ್ಲದ ಗವಿಪುರದ ಗವಿಗಂಗಾಧರೇಶ್ವರ ದೇವಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ಬಿಸಿಲು ಕಿಂಡಿಯಿಂದ ಬಂದು, ನಂದಿಯ ಕೋಡುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನು ಎಲ್ಲರೂ ಬಲ್ಲರು. ನವೆಂಬರ್ ಕೊನೆ ಡಿಸೆಂಬರ್ ಮೊದಲ ದಿನಗಳಲ್ಲಿಯೂ ಹಾಗೆ ಆಗುತ್ತದೆಂದು 2008ರಲ್ಲಿ ಪ್ರಕಟವಾದ ಖಗೋಳ ಅಧ್ಯಯನವೊಂದು ತೋರಿಸಿತು. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ತೆಂಕಣದ ತುದಿ ಮುಟ್ಟಿ ಮರಳುವುದರಿಂದ ಹೋಗುವಾಗಿನ ದಾರಿಯನ್ನೇ ಬರುವಾಗಲೂ ತುಳಿಯುತ್ತಾನೆ. ನಿಮ್ಮ ಕಿಟಕಿಯಲ್ಲಿಯೂ ಇದನ್ನು ಕಾಣಬಹುದು. ನವೆಂಬರ್ 29ರಂದು ಸಂಜೆ ನಾಲ್ಕಕ್ಕೆ ಎಳೆದ ಗೆರೆಗೆ ಬಣ್ಣದ ನೆರಳು ಸಂಕ್ರಾಂತಿಯ ಹೊತ್ತಿಗೆ ಮತ್ತೆ ಬರುತ್ತದೆ. ಗಡಿಯಾರದಲ್ಲಿ ಮಾತ್ರ ಸುಮಾರು ಇಪ್ಪತ್ತು ನಿಮಿಷ ತಡವಾಗಿರುತ್ತದೆ.

ಅಷ್ಟರಲ್ಲಿ ಕಾಗದದ ಬಣ್ಣ ಮಾಸಿರುತ್ತದೆ, ಅದು ಸಹಜ. ಒದ್ದೆ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಮೈದಾ ಅಂಟು ನೆನೆದು ಬಿಡುತ್ತದೆ. ತೆಗೆಯುವುದನ್ನೂ ಮಗುವಿನ ಕೈಯಿಂದಲೇ ಮಾಡಿಸಿರಿ, ಮತ್ತು ಮುಂದಿನ ಚಿತ್ರಕ್ಕೆ ಯಾವ ಬಣ್ಣ ತರಬೇಕೆಂದು ಅದನ್ನೇ ಕೇಳಿರಿ.