ಪಾಠಯೋಜನೆಗೆ ಟ್ಯಾಗ್ ಸಾಕು, ಮಕ್ಕಳ ಪುಸ್ತಕಕ್ಕೆ ಹೊಲಿಗೆ ಬೇಕು

ಬೋಧನಾಭ್ಯಾಸದ ಕೊನೆಯ ವಾರ ಬಂತೆಂದರೆ ನಂಜನಗೂಡಿನಲ್ಲಾಗಲಿ ತಿ. ನರಸೀಪುರದಲ್ಲಾಗಲಿ ಝೆರಾಕ್ಸ್ ಅಂಗಡಿಯ ಮುಂದೆ ಪ್ರಶಿಕ್ಷಣಾರ್ಥಿಗಳು ಹಾಳೆಗಳ ಕಟ್ಟು ಹಿಡಿದು ನಿಂತಿರುತ್ತಾರೆ. ಈ ಖರ್ಚು ತಪ್ಪಿಸಲು ಕಾಲೇಜೇ ಒಂದು ಬೈಂಡಿಂಗ್ ಯಂತ್ರ ಕೊಳ್ಳಲಿ ಎಂಬ ಮಾತು ಆಗಾಗ ಬರುತ್ತದೆ. ಕೊಳ್ಳಬಹುದು. ಆದರೆ ದರಪಟ್ಟಿ ತರಿಸುವ ಮೊದಲು, ನಾವು ಕೇಳುವ ಇಷ್ಟೊಂದು ದಾಖಲೆಗಳಲ್ಲಿ ಯಾವುದಕ್ಕೆ ನಿಜವಾಗಿ ಬೈಂಡಿಂಗ್ ಬೇಕು ಎಂಬುದು ತೀರ್ಮಾನವಾಗಬೇಕು. ಪಾಠಯೋಜನೆಗೆ ಬೇಡ ಎಂಬುದು ನನ್ನ ಅಭಿಪ್ರಾಯ.

ಎನ್‌ಸಿಟಿಇಯ 2014ರ ನಿಯಮಾವಳಿಯಿಂದ ಬಿ.ಇಡಿ. ಎರಡು ವರ್ಷದ್ದಾಯಿತು, ಶಾಲೆಯಲ್ಲಿ ಕಳೆಯುವ ಅವಧಿ 20 ವಾರಕ್ಕೆ ಏರಿತು. ಜೊತೆಗೆ ದಾಖಲೆಗಳೂ ಏರಿದವು. ಹುಲ್ಲಹಳ್ಳಿಯ ಶಾಲೆಯಲ್ಲೋ ಬನ್ನೂರಿನ ಶಾಲೆಯಲ್ಲೋ ಮಾರ್ಗದರ್ಶಕ ಶಿಕ್ಷಕರು ಪಾಠಯೋಜನೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಮಾತು ಬರೆಯುತ್ತಾರೆ: ಈ ಪ್ರಶ್ನೆಗೆ ಮಕ್ಕಳು ಹೌದು, ಇಲ್ಲ ಅಂತಷ್ಟೇ ಹೇಳುತ್ತಾರೆ, ಬದಲಿಸಿ. ಬೋಧನಾಭ್ಯಾಸದಲ್ಲಿ ಅತ್ಯಂತ ಬೆಲೆಬಾಳುವುದು ಈ ಒಂದು ಸಾಲು. ಆದರೆ ದಾಖಲೆ ಅಂದವಾಗಿ ಕಟ್ಟಿರಬೇಕು ಎಂದಾಕ್ಷಣ ಪ್ರಶಿಕ್ಷಣಾರ್ಥಿ ಎಲ್ಲವನ್ನೂ ಶುದ್ಧಪ್ರತಿ ಮಾಡುತ್ತಾರೆ. ಕೆಂಪು ಶಾಯಿಯ ಹಾಳೆ ರದ್ದಿಗೆ ಹೋಗುತ್ತದೆ. ಬಾಹ್ಯ ಪರೀಕ್ಷಕರ ಕೈಗೆ ಬರುವುದು ಒಂದೂ ತಪ್ಪಿಲ್ಲದ, ಆದ್ದರಿಂದ ಏನನ್ನೂ ಹೇಳದ ಪುಸ್ತಕ.

ಇದಕ್ಕೆ ಸರ್ಕಾರಿ ಕಚೇರಿಯ ಕಡತದ ವಿಧಾನವೇ ಸಾಕು. ಎರಡು ರಂಧ್ರ, ಒಂದು ಟ್ಯಾಗ್, ಮೇಲೆ ಕೆಳಗೆ ರಟ್ಟು. ಮೊದಲ ಯೋಜನೆ, ಅದರ ಹಿಂದೆ ಟಿಪ್ಪಣಿ, ಅದರ ಹಿಂದೆ ಬದಲಿಸಿದ ಯೋಜನೆ. ಯಾವಾಗ ಬೇಕಾದರೂ ಬಿಚ್ಚಿ ಹಾಳೆ ಸೇರಿಸಬಹುದು. ಸ್ಪೈರಲ್‌ನಲ್ಲಿ ಸುರುಳಿಯ ತುದಿ ಮಡಿಸಿದ ಮೇಲೆ ಈ ಕೆಲಸ ಕಷ್ಟ.

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ದರಗಳು ಉದಾಹರಣೆಗೆ ಮಾತ್ರ. ನಿಮ್ಮೂರಿನ ದರ ಹಾಕಿ ನೋಡಿ. 100 ಜನ, ತಲಾ ನಾಲ್ಕು ದಾಖಲೆ, ಒಂದಕ್ಕೆ ಅಂಗಡಿಯಲ್ಲಿ 40 ರೂಪಾಯಿ: ವರ್ಷಕ್ಕೆ 16,000. ಯಂತ್ರಕ್ಕೆ 8,000, ಸುರುಳಿ ಮತ್ತು ಹೊದಿಕೆಗೆ ಪುಸ್ತಕಕ್ಕೆ 15 ಎಂದಾದರೆ ಮೊದಲ ವರ್ಷ 14,000. ಯಂತ್ರವೇ ಲಾಭ ಅನಿಸುತ್ತದೆ. ಆದರೆ ಉಳಿದ ಮೂರನ್ನು ಟ್ಯಾಗ್‌ಗೆ ಬಿಟ್ಟು ಕ್ರಿಯಾ ಸಂಶೋಧನೆಯ ವರದಿಯೊಂದನ್ನೇ ಕಟ್ಟಿಸಿದರೆ ಅಂಗಡಿಯ ಖರ್ಚು 4,000ಕ್ಕೆ ಇಳಿಯುತ್ತದೆ. ಆಗ ಯಂತ್ರದಿಂದ ವರ್ಷಕ್ಕೆ ಉಳಿಯುವುದು 2,500. ಅದರ ಬೆಲೆ ಹುಟ್ಟಲು ಮೂರು ವರ್ಷ ದಾಟಬೇಕು. ಅಷ್ಟರಲ್ಲಿ ಅದು ಬೀರುವಿನ ಮೇಲೆ ಧೂಳು ತಿನ್ನುತ್ತಿರುತ್ತದೆ. ಯಂತ್ರ ಒಮ್ಮೆ ಕೊಳ್ಳುವುದು, ಸುರುಳಿ ಪ್ರತಿ ವರ್ಷ ಕೊಳ್ಳುವುದು. ಆ ಎರಡನೆಯ ಬಾಬ್ತನ್ನು ಆಯವ್ಯಯದಲ್ಲಿ ಬರೆಯಲು ಎಲ್ಲರೂ ಮರೆಯುತ್ತಾರೆ.

ಯಂತ್ರ ಕೊಳ್ಳಲೇಬೇಕು ಎನ್ನುವವರು ಕೋಂಬ್ ಬೈಂಡಿಂಗ್ ಯಂತ್ರ ನೋಡಲಿ. ಅದರ ಬಾಚಣಿಗೆಯಂಥ ಪ್ಲಾಸ್ಟಿಕ್ ಕಟ್ಟನ್ನು ಬಿಚ್ಚಿ ಮತ್ತೆ ಬಳಸಬಹುದು. ಕೈಯಿಂದ ನಡೆಯುವುದಾದ್ದರಿಂದ ಕರೆಂಟಿನ ಹಂಗಿಲ್ಲ. ಒಮ್ಮೆಗೆ ಎಷ್ಟು ಹಾಳೆ ತೂತು ಮಾಡುತ್ತದೆ ಎಂಬುದನ್ನು ಅಂಗಡಿಯಲ್ಲೇ ನಿಮ್ಮ ಹಾಳೆ ಹಾಕಿ ಪರೀಕ್ಷಿಸಿ.

ಉಳಿಯುವ ಹಣ ಮಕ್ಕಳ ಕೈಗೆ ಹೋಗುವ ವಸ್ತುವಿಗೆ ಸೇರಲಿ ಎಂಬುದೇ ನನ್ನ ವಾದದ ಮುಖ್ಯ ಭಾಗ. ಮಕ್ಕಳೇ ಬರೆದ ಕಥೆ, ಊರಿನ ಗಿಡಮರಗಳ ಪಟ್ಟಿ, ಅಜ್ಜಿ ಹೇಳಿದ ಒಗಟುಗಳು: ಇವು ಪುಸ್ತಕವಾಗಬೇಕು. ಎಂಟು ಎ4 ಹಾಳೆ ನಡುವೆ ಮಡಿಸಿದರೆ 32 ಪುಟ. ಮಡಿಕೆಯಲ್ಲಿ ಮೂರು ತೂತು. ಒಳಗಿನಿಂದ ನಡುವಿನ ತೂತಿಗೆ ಸೂಜಿ ಹಾಕಿ ಹೊರಗೆ ತೆಗೆದು, ಮೇಲಿನದರಿಂದ ಒಳಗೆ, ಅಲ್ಲಿಂದ ನೇರ ಕೆಳಗಿನದರ ಮೂಲಕ ಹೊರಗೆ, ಮತ್ತೆ ನಡುವಿನಿಂದ ಒಳಗೆ ಬಂದು ಉದ್ದದ ಎಳೆಯ ಮೇಲೆ ಗಂಟು. ಇಷ್ಟೇ. ಬೇಕಾದದ್ದು ದಬ್ಬಳ, ದಪ್ಪ ಸೂಜಿ, ಹತ್ತಿಯ ಗಟ್ಟಿ ದಾರ, ರಟ್ಟು, ಸ್ಕೇಲು. ಪಿನ್ನು ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು ಕಾಗದವನ್ನೂ ತಿನ್ನುತ್ತದೆ, ದಾರಕ್ಕೆ ಆ ಬಾಧೆಯಿಲ್ಲ. (ಖಾದಿಗೆ ಹೆಸರಾದ ಬದನವಾಳು ಇರುವ ತಾಲ್ಲೂಕಿನಲ್ಲಿ ನಾವು ಪ್ಲಾಸ್ಟಿಕ್ ಸುರುಳಿಗೆ ಅಲೆಯುತ್ತಿದ್ದೇವೆ.) ಮೈದಾ ಅಂಟಿಗೆ ಹುಳ ಬೀಳದಂತೆ ಹಳೆಯ ಬೈಂಡರುಗಳು ಮೈಲುತುತ್ತ ಬೆರೆಸುತ್ತಿದ್ದರು, ಅದು ವಿಷ, ಮಕ್ಕಳಿರುವ ಕಡೆ ಬೇಡ.

ಎಲ್ಲವನ್ನೂ ಹೊಲಿಯಬೇಕೆಂದಲ್ಲ. ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ ನಲಿ-ಕಲಿಯ ಕಾರ್ಡುಗಳ ಗುಣವೇ ಬಿಡಿಯಾಗಿರುವುದು. ಮಗು ತನಗೆ ಬೇಕಾದ ಕಾರ್ಡನ್ನು ತಾನೇ ಎತ್ತಿಕೊಳ್ಳಬೇಕು.

ಸಮಯ ಎಲ್ಲಿದೆ ಎಂಬ ಆಕ್ಷೇಪ ಬರುತ್ತದೆ. ಶುದ್ಧಪ್ರತಿ ಬರೆಯುವ ರಾತ್ರಿಗಳಲ್ಲಿ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರಿಗೆ ಚೀಲವಿಲ್ಲದ ಹತ್ತು ದಿನಗಳಲ್ಲಿ ಕೈಕಸುಬು ಕಲಿಸಲು ಹೇಳುತ್ತದೆ. ಪುಸ್ತಕ ಹೊಲಿಯಲು ಬಲ್ಲ ಶಿಕ್ಷಕರಿಗೆ ಒಂದು ದಿನದ ಪಾಠ ಸಿದ್ಧವಿದ್ದಂತೆ. ಪರೀಕ್ಷಕರು ಏನೆನ್ನುತ್ತಾರೋ ಎಂಬುದು ಇನ್ನೊಂದು ಅಂಜಿಕೆ. ಕಾಲೇಜಿನ ಬೋಧನಾಭ್ಯಾಸ ಕೈಪಿಡಿಯಲ್ಲಿ ಎರಡು ಸಾಲು ಸೇರಿಸೋಣ: ಬೈಂಡಿಂಗ್‌ಗೆ ಅಂಕವಿಲ್ಲ, ಮಾರ್ಗದರ್ಶಕರ ಟಿಪ್ಪಣಿಯಿರುವ ಮೂಲ ಹಾಳೆಯಿಲ್ಲದ ಪಾಠಯೋಜನೆಯನ್ನು ಸ್ವೀಕರಿಸುವುದಿಲ್ಲ. ಮುಂದಿನ ತಂಡ ಶಾಲೆಗೆ ಹೊರಡುವ ಮೊದಲೇ ಇದು ಆಗಬೇಕು, ಟ್ಯಾಗ್ ಮತ್ತು ದಾರದ ಖರೀದಿಯೂ ಅಷ್ಟರೊಳಗೆ ಮುಗಿದಿರಬೇಕು.