ಮನೆಯೊಳಗಣ ಕಚೇರಿ ಮತ್ತು ವಿನ್ಯಾಸಕಾರನ ಹೊಣೆ

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ದಿಗ್ಬಂಧನ ಬಂದಾಗ ಬೆಂಗಳೂರಿನ ಸಾವಿರಾರು ತರುಣ ತರುಣಿಯರು ಗಣಕಯಂತ್ರಗಳನ್ನು ಹೊತ್ತು ಹುಟ್ಟೂರುಗಳಿಗೆ ಮರಳಿದರು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ನಿಯಮಗಳನ್ನು ಸಡಿಲಿಸಿ, ಮನೆಯಿಂದಲೇ ದುಡಿಯುವ ಪದ್ಧತಿಗೆ ಹಾದಿಯನ್ನು ಸುಗಮಗೊಳಿಸಿತು. ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಂತಹ ಊರಿನಲ್ಲಿ, ಅಡಿಕೆ ತೋಟದ ನಡುವಣ ಮನೆಯಲ್ಲಿ ಕುಳಿತವನೂ ನ್ಯೂಯಾರ್ಕಿನ ಸಂಸ್ಥೆಗೆ ದುಡಿಯಬಹುದಾದ ಕಾಲ ಬಂದಿತು. ವೃದ್ಧ ತಂದೆತಾಯಿಗಳ ಸೇವೆ, ಉಳಿದ ಬಾಡಿಗೆ, ತಪ್ಪಿದ ಪ್ರಯಾಣ, ಗೃಹಿಣಿಯರಿಗೂ ದೊರೆತ ಉದ್ಯೋಗ, ಇವೆಲ್ಲ ಅದರ ಲಾಭಗಳು. ಅವನ್ನು ಅಲ್ಲಗಳೆಯುವವರಾರೂ ಇಲ್ಲ.

ಆದರೆ ಕಚೇರಿಯು ಮನೆಯೊಳಗೆ ಬಂದಾಗ ಅದಕ್ಕೊಂದು ಬಾಗಿಲು ಇರಬೇಕಾಗಿತ್ತು. ಆ ಬಾಗಿಲನ್ನು ಇಡದೆ ಹೋದವರು ಯಾರು? ಈ ಪ್ರಶ್ನೆಯನ್ನು ಕೇಳದೆ, ಎಲ್ಲವೂ ಕಾಲಮಹಿಮೆಯೆಂದು ನಿಟ್ಟುಸಿರುಬಿಡುವುದು ವಿವೇಕವಲ್ಲ. ಪರದೆಯ ಮೇಲೆ ಕಾಣುವ ಯಾವುದೂ ತಾನಾಗಿ ಹುಟ್ಟಿದ್ದಲ್ಲ. ಹೆಸರಿನ ಪಕ್ಕದ ಹಸಿರು ಚುಕ್ಕೆ, ಕೆಲವು ನಿಮಿಷ ಕೈ ನಿಂತರೆ ಅದು ಹಳದಿಯಾಗುವ ಬಗೆ, ಊಟದ ವೇಳೆಯಲ್ಲೂ ಮೊಳಗುವ ಕರೆಗಂಟೆ, ಇವೆಲ್ಲವನ್ನೂ ಒಬ್ಬ ವಿನ್ಯಾಸಕಾರನು ಮೇಜಿನ ಮುಂದೆ ಕುಳಿತು ಯೋಚಿಸಿ ರೂಪಿಸಿರುತ್ತಾನೆ.

ಕೆರೆಬಿಳಚಿಯ ಸಮೀಪದಲ್ಲೇ ಶಾಂತಿಸಾಗರವಿದೆ. ಸೂಳೆಕೆರೆಯೆಂದು ಅದು ನಾಡಿಗೆಲ್ಲ ಪರಿಚಿತ. ಸಿದ್ಧನಾಲೆ, ಬಸವನಾಲೆಗಳ ಮೂಲಕ ಅದರ ನೀರು ಹೊಲಗದ್ದೆಗಳಿಗೆ ಹರಿಯುತ್ತದೆ. ಕೆರೆ ಕಟ್ಟಿದವರು ನೀರನ್ನು ಹರಿಸಲು ತೂಬನ್ನು ಇಟ್ಟರು. ಹರಿವನ್ನು ನಿಲ್ಲಿಸುವುದಕ್ಕೂ ಅದೇ ತೂಬು. ಮುಚ್ಚಲು ಬಾರದ ತೂಬನ್ನು ಯಾವ ಒಡ್ಡನೂ ಕಟ್ಟಲಾರ. ಕಟ್ಟಿದರೆ ಊರು ಅವನನ್ನು ಸುಮ್ಮನೆ ಬಿಡುವುದಿಲ್ಲ. ಮನುಷ್ಯನ ಆಯುಷ್ಯವನ್ನು ಹರಿಸುವ ಯಂತ್ರಕ್ಕೆ ಇಷ್ಟು ಎಚ್ಚರವೂ ಬೇಡವೇ?

ವಿನ್ಯಾಸಕಾರರ ಕಡೆಯಿಂದ ಎರಡು ಸಮಾಧಾನಗಳು ಬರುತ್ತವೆ. ಬೇಡವಾದವರು ಕರೆಗಂಟೆಯನ್ನು ತಾವೇ ನಿಲ್ಲಿಸಿಕೊಳ್ಳಬಹುದು ಎಂಬುದು ಮೊದಲನೆಯದು. ಆದರೆ ಯಂತ್ರವು ಕೈಗೆ ಬರುವಾಗಲೇ ಗಂಟೆ ಮೊಳಗುವಂತೆ ಇರುತ್ತದೆ. ನಿಲ್ಲಿಸುವ ಗುಂಡಿ ನಾಲ್ಕು ಪುಟಗಳ ಆಚೆ ಅಡಗಿರುತ್ತದೆ. ನಿಲ್ಲಿಸಿದವನ ಚುಕ್ಕೆಯ ಬಣ್ಣ ಬದಲಾಗಿ ಮೇಲಧಿಕಾರಿಗೂ ಅದು ಕಾಣುತ್ತದೆ. ದಂಡದ ಭಯವನ್ನು ಜೊತೆಗಿಟ್ಟು ಕೊಟ್ಟ ಸ್ವಾತಂತ್ರ್ಯವು ಸ್ವಾತಂತ್ರ್ಯವೆನಿಸದು.

ಎರಡನೆಯದು, ಮಾಲೀಕನು ಕೇಳಿದ್ದನ್ನು ಬರೆದುಕೊಟ್ಟೆವಷ್ಟೆ ಎಂಬುದು. ಜೈನ ನೀತಿಯಲ್ಲಿ ಈ ಮಾತಿಗೆ ಎಡೆಯಿಲ್ಲ. ಕೃತ, ಕಾರಿತ, ಅನುಮೋದಿತ, ಈ ಮೂರರಿಂದಲೂ ಕರ್ಮಬಂಧ ಉಂಟೆಂದು ಆಚಾರ್ಯರು ವಿಧಿಸಿದ್ದಾರೆ. ಬರೆದವನದು ಕೃತ, ಬರೆಯಿಸಿದವನದು ಕಾರಿತ, ಲಾಭವನ್ನು ಕಂಡು ತಲೆದೂಗಿದವನದು ಅನುಮೋದಿತ. ಕೊಡದಿರುವುದನ್ನು ತೆಗೆದುಕೊಳ್ಳುವುದೇ ಅದತ್ತಾದಾನವಾದರೆ, ಸಂಬಳಕ್ಕೆ ಸೇರದ ರಾತ್ರಿಯನ್ನು ಗಂಟೆ ಬಾರಿಸಿ ತೆಗೆದುಕೊಳ್ಳುವುದಕ್ಕೆ ಬೇರೆ ಹೆಸರುಂಟೇ?

ವಿನ್ಯಾಸಕಾರನು ಅಶಕ್ತನೆಂಬುದೂ ಸುಳ್ಳು. 2020ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ 'ಪ್ರೊಡಕ್ಟಿವಿಟಿ ಸ್ಕೋರ್' ಎಂಬ ಸಾಧನವು ನೌಕರರ ಚಟುವಟಿಕೆಯನ್ನು ಹೆಸರುಸಹಿತ ಅಳೆದು ತೋರಿಸುತ್ತಿತ್ತು. ನವೆಂಬರಿನಲ್ಲಿ ಟೀಕೆ ಎದ್ದಿತು. ಡಿಸೆಂಬರಿನ ಆರಂಭದಲ್ಲೇ ಹೆಸರುಗಳನ್ನು ತೆಗೆಯುವುದಾಗಿ ಸಂಸ್ಥೆ ಪ್ರಕಟಿಸಿತು. ಮನಸ್ಸು ಮಾಡಿದರೆ ಬದಲಾವಣೆಗೆ ದಿನಗಳು ಸಾಕು.

ಕಾನೂನಿನ ವಿಪರ್ಯಾಸವನ್ನೂ ನೋಡಬೇಕು. ಗ್ರಾಹಕರನ್ನು ವಂಚಿಸುವ 13 ಬಗೆಯ ಪರದೆ ತಂತ್ರಗಳನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ನಿಷೇಧಿಸಿತು. ಮತ್ತೆ ಮತ್ತೆ ಪೀಡಿಸುವುದು, ಇಲ್ಲದ ಅವಸರವನ್ನು ಹುಟ್ಟಿಸುವುದು ಆ ಪಟ್ಟಿಯಲ್ಲಿವೆ. ಸೀರೆ ಕೊಳ್ಳುವವಳನ್ನು ಪೀಡಿಸಿದರೆ ತಪ್ಪು. ಅದೇ ಸ್ತ್ರೀ ಕಚೇರಿಯ ಕೆಲಸಕ್ಕೆ ಕುಳಿತಾಗ ಅದೇ ಬಗೆಯ ಪೀಡನೆಗೆ ಸೌಲಭ್ಯವೆಂಬ ಹೆಸರು! ಫ್ರಾನ್ಸಿನಲ್ಲಿ 2017ರ ಜನವರಿಯಿಂದಲೇ ನೌಕರರಿಗೆ ಸಂಪರ್ಕ ಕಡಿದುಕೊಳ್ಳುವ ಹಕ್ಕಿದೆ. ಇಲ್ಲಿ ಆ ಹಕ್ಕಿಗಾಗಿ ಸಂಸದೆ ಸುಪ್ರಿಯಾ ಸುಳೆಯವರು 2018ರಲ್ಲಿ ತಂದ ಖಾಸಗಿ ಮಸೂದೆ ಕಾನೂನಾಗಲಿಲ್ಲ. ಬದಲಾಗಿ 2024ರ ಜುಲೈನಲ್ಲಿ ಕರ್ನಾಟಕದ ಮಾಹಿತಿ ತಂತ್ರಜ್ಞಾನ ನೌಕರರನ್ನು ದಿನಕ್ಕೆ 12 ಗಂಟೆಗೂ ಮೀರಿ ದುಡಿಸಲು ಅವಕಾಶ ಕೊಡುವ ಪ್ರಸ್ತಾವ ಬಂದಿತು; ನೌಕರರ ಸಂಘ ಅದನ್ನು ಪ್ರತಿಭಟಿಸಿತು.

ಈ ಸಂಕಟವು ಶ್ರಾವಕ ಕುಟುಂಬಗಳ ಅಡುಗೆಮನೆಗೂ ಬಂದಿದೆ. ನ್ಯೂಯಾರ್ಕಿನ ಬೆಳಗಿನ 9 ಗಂಟೆಯೆಂದರೆ ಬೇಸಿಗೆಯಲ್ಲಿ ಇಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30. ಸಭೆಗೆ ಸಿದ್ಧತೆ ನಡೆಸುವಷ್ಟರಲ್ಲಿ ಸೂರ್ಯಾಸ್ತವಾಗುತ್ತದೆ. ರಾತ್ರಿಭೋಜನ ತ್ಯಾಗದ ನಿಯಮವನ್ನು ಹಿಡಿದ ತರುಣಿಯು ಹಸಿದೇ ಪರದೆಯ ಮುಂದೆ ಕುಳಿತುಕೊಳ್ಳಬೇಕು, ಇಲ್ಲವೇ ನಿಯಮವನ್ನು ಮುರಿಯಬೇಕು. ಸಾಮಾಯಿಕಕ್ಕೆ ಕುಳಿತ ತಂದೆಯ ಪಕ್ಕದ ಕೋಣೆಯಲ್ಲಿ ಗಂಟೆ ಮೊಳಗುತ್ತಲೇ ಇರುತ್ತದೆ. ಮಗನ ಸಂಬಳವನ್ನು ಹೆಮ್ಮೆಯಿಂದ ಹೇಳುವ ಹಿರಿಯರು ಅವನ ಸಂಜೆಗಳ ಲೆಕ್ಕವನ್ನು ಕೇಳಿದ್ದುಂಟೇ? ಕೇಳದಿರುವುದೂ ಅನುಮೋದನೆಯೇ.

ಬಸದಿಗಳ ಆಡಳಿತ ಮಂಡಳಿಗಳೂ ಇದಕ್ಕೆ ಹೊರತಲ್ಲ. ರಾತ್ರಿ ಹನ್ನೊಂದಕ್ಕೆ ಪೂಜೆಯ ಪಟ್ಟಿಯನ್ನು ವಾಟ್ಸಾಪಿನಲ್ಲಿ ಕಳುಹಿಸಿ, ನೀಲಿ ಗುರುತು ಬಿದ್ದೊಡನೆ ಉತ್ತರವೇಕಿಲ್ಲವೆಂದು ಗುಮಾಸ್ತನನ್ನು ಕೇಳುವ ಪದಾಧಿಕಾರಿಯು ಯಾವ ವಿದೇಶೀ ಸಂಸ್ಥೆಗಿಂತ ಮೇಲು? ಸೂರ್ಯಾಸ್ತದ ಅನಂತರ ಕೆಲಸದ ಸಂದೇಶವನ್ನು ಕಳುಹಿಸಬಾರದೆಂದು ಮಂಡಳಿಗಳು ಮೊದಲು ತಾವೇ ಠರಾವು ಮಾಡಲಿ. ಸಮಾಜದಲ್ಲಿ ತಂತ್ರಾಂಶ ಸಂಸ್ಥೆಗಳ ಒಡೆಯರಿದ್ದಾರೆ, ವಿನ್ಯಾಸಕಾರರಿದ್ದಾರೆ. ಯಂತ್ರವು ಕೈಗೆ ಬರುವಾಗಲೇ ಸಂಜೆಗೆ ಮೌನವಾಗುವಂತೆಯೂ, ಬೇಕೆಂದವನು ಮಾತ್ರ ತೆರೆದುಕೊಳ್ಳುವಂತೆಯೂ ಅವರು ರೂಪಿಸಲಿ. ತೂಬಿಗೆ ಮುಚ್ಚಳವಿಡುವುದು ಕಟ್ಟಿದವನ ಕರ್ತವ್ಯ. ಇಲ್ಲದಿದ್ದರೆ ಕೇಳುವುದು ಊರಿನ ಕರ್ತವ್ಯ.