ಪರ್ಮಿಟ್ ರೂಮಿಗಿಂತ ಪಡಸಾಲೆ ವಾಸಿ

ಊರಿನಿಂದ ಬರುವ ನಮ್ಮ ನೆಂಟರಿಷ್ಟರಿಗೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿ ಎಲ್ಲವೂ ಒಂದೇ. ಎಲ್ಲವೂ ಬಾಂಬೆ. ಬಾಂಬೆ ಅಂದರೆ ಸಂಸ್ಕಾರ ಕೆಡುವ ಜಾಗ. ಅದಕ್ಕೆ ಈಗ ಅವರ ಕೈಗೆ ಒಂದು ಹೊಸ ಪುರಾವೆ ಸಿಕ್ಕಿದೆ. ಇಲ್ಲಿಯ ಕನ್ನಡಿಗರ ಮನೆಗಳಲ್ಲಿ ಶನಿವಾರ ಸಂಜೆ ಪುದೀನ, ನಿಂಬೆಹಣ್ಣು, ಸೋಡಾ ಸೇರಿಸಿ, ಅದಕ್ಕೆ ರಮ್ ಹಾಕಿ, ಗಂಡ ಹೆಂಡತಿ ಮಗ ಸೊಸೆ ಒಟ್ಟಿಗೆ ಕೂತು ಕುಡಿಯುತ್ತಾರಂತೆ! ಹೌದು, ಕುಡಿಯುತ್ತೇವೆ. ಅದರ ಹೆಸರು ಮೊಹಿತೊ. ಕ್ಯೂಬಾ ದೇಶದ್ದು. ನಮ್ಮ ದೊಡ್ಡಪ್ಪನ ಮಗ ಧಾರವಾಡದಿಂದ ಫೋನ್ ಮಾಡಿ, "ಏನೋ ತಮ್ಮಾ, ಸೊಸಿ ಮುಂದ ಬಾಟ್ಲಿ ಇಟ್ಕೊಂಡು ಕೂಡ್ತೀಯಂತಲ್ಲ, ನಾಚಿಕಿ ಬರಂಗಿಲ್ಲೇನು?" ಅಂದರು. ಅವರಿಗೆ ಫೋನಿನಲ್ಲಿ ಹೇಳಿ ಮುಗಿಯುವ ಉತ್ತರ ಅಲ್ಲ ಇದು.

ಕುಡಿಯದವರ ಜೊತೆ ನನಗೆ ತಂಟೆಯಿಲ್ಲ, ಅವರು ಪುಣ್ಯವಂತರು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಸ್ಪಷ್ಟವಾಗಿ ಹೇಳಿದೆ, ಮದ್ಯದಲ್ಲಿ ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನುವ ಪ್ರಮಾಣವೇ ಇಲ್ಲ ಅಂತ. ಆದ್ದರಿಂದ ಮೊಹಿತೊ ಔಷಧಿ ಅಂತ ನಾನು ಹೇಳುವುದಿಲ್ಲ. ನಾನು ಹೇಳುವುದು ಕುಡಿಯುವವರ ವಿಚಾರ. ಕುಡಿಯುವವನು ಮನೆಯ ಪಡಸಾಲೆಯಲ್ಲಿ, ಲೈಟು ಹಾಕಿಕೊಂಡು, ಅಳೆದು, ಮನೆಯವರ ಕಣ್ಣೆದುರು ಕುಡಿಯಲಿ. ಈ ಊರಿನಲ್ಲಿ ನಮ್ಮವರನ್ನು ತಿಂದು ಹಾಕಿದ್ದು ರಮ್ಮಿಗಿಂತ ಹೆಚ್ಚಾಗಿ ಮುಚ್ಚುಮರೆ.

ಈ ಮುಚ್ಚುಮರೆಗೆ ಕಾಯ್ದೆಯ ಬೆಂಬಲವೂ ಇತ್ತು ಅನ್ನಿ. 1949ರ ಮುಂಬಯಿ ಪಾನನಿಷೇಧ ಕಾಯ್ದೆ ಬಂದಾಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಕೂಡ ಮುಂಬಯಿ ಪ್ರಾಂತದಲ್ಲೇ ಇದ್ದವು. ನಾವು ಬೇರೆಯಾದದ್ದು 1956ರ ನವೆಂಬರ್ 1ಕ್ಕೆ. ಅಂದರೆ ಮೊರಾರ್ಜಿ ದೇಸಾಯಿಯವರ ಪಾನನಿಷೇಧವನ್ನು ನಮ್ಮ ಅಣ್ಣನ ಊರೂ ಕಂಡಿದೆ. ಅದೇ ಕಾಯ್ದೆ ಹೆಸರು ಬದಲಾಯಿಸಿಕೊಂಡು ಮಹಾರಾಷ್ಟ್ರದಲ್ಲಿ ಇವತ್ತಿಗೂ ಜೀವಂತವಾಗಿದೆ. ಇಲ್ಲಿ ಮದ್ಯ ಕೊಳ್ಳುವುದಕ್ಕೆ, ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ, ಕುಡಿಯುವುದಕ್ಕೆ ಪರ್ಮಿಟ್ ಬೇಕು. ವರ್ಷಕ್ಕೆ ನೂರು ರೂಪಾಯಿ, ಜೀವಮಾನಕ್ಕೆ ಸಾವಿರ, ಒಂದೇ ದಿನಕ್ಕಾದರೆ ಐದು. ಬಹುಕಾಲ ಇದ್ದ ದರ ಇದು. ರಮ್ಮಿನಂಥ ಗಡಸು ಮದ್ಯಕ್ಕೆ ವಯಸ್ಸು 25 ಆಗಿರಬೇಕು. ತಮಾಷೆ ಏನೆಂದರೆ, ಆ ಪರ್ಮಿಟ್ ಕೊಡುವುದು ಕುಡಿಯುವವನ 'ಆರೋಗ್ಯ ರಕ್ಷಣೆ'ಗಾಗಿ! ಹೆಚ್ಚಿನವರು ಇದನ್ನು ಮಾಡಿಸುವುದೇ ಇಲ್ಲ, ವೈನ್ ಶಾಪಿನವನು ಕೇಳುವುದೂ ಇಲ್ಲ. ನಾನು ಮಾಡಿಸಿದ್ದೇನೆ. ಬ್ಯಾಂಕಿನಲ್ಲಿದ್ದವನು, ಕಾಗದಪತ್ರ ಸರಿಯಿಲ್ಲದಿದ್ದರೆ ಊಟ ಸೇರುವುದಿಲ್ಲ.

ಪರ್ಮಿಟ್ ಇದ್ದವರಿಗೆ ಮಾತ್ರ ಕುಡಿಯಲು ಕೊಡುವ ಕೋಣೆ, ಅದೇ ಪರ್ಮಿಟ್ ರೂಮು. ಊರಿನ ಓದುಗರು ಇದನ್ನು ನೋಡಿರಲಿಕ್ಕಿಲ್ಲ. ಹೊರಗೆ ಇಡ್ಲಿ, ವಡಾ, ಪಾವ್‌ಭಾಜಿ. ಒಳಗೊಂದು ಬಾಗಿಲು, ಕಪ್ಪು ಗಾಜು, ಮಂದ ಬೆಳಕು. ಗಲ್ಲಾದಲ್ಲಿ ಅನೇಕ ಕಡೆ ನಮ್ಮ ಕರಾವಳಿಯವರೇ. ಅವರನ್ನು ನಾನು ದೂರುವುದಿಲ್ಲ. ಕಾಯ್ದೆ ಕತ್ತಲೆ ಕೋಣೆ ಕೇಳಿತು, ಅವರು ಕಟ್ಟಿದರು. ಊರಿನಿಂದ ಬಂದ ಎಷ್ಟೋ ಹುಡುಗರಿಗೆ ಅನ್ನ ಕೊಟ್ಟು, ರಾತ್ರಿ ಶಾಲೆಗೆ ಹೋಗುವುದಕ್ಕೆ ಬಿಟ್ಟವರೂ ಅವರಲ್ಲಿದ್ದಾರೆ. ನನ್ನ ಜಗಳ ಆ ಕತ್ತಲೆಯ ಜೊತೆ.

ನಾನು ಕೆಲಸ ಮಾಡಿದ ಒಂದು ಶಾಖೆಯಲ್ಲಿ ಹೆಡ್ ಕ್ಯಾಶಿಯರ್ ಒಬ್ಬರಿದ್ದರು. ನಮ್ಮ ಕಡೆಯವರೇ, ಕಲ್ಯಾಣದಲ್ಲಿ ಮನೆ. ಜೀವಮಾನದಲ್ಲಿ ಒಂದು ರೂಪಾಯಿ ಕ್ಯಾಶ್ ಕಮ್ಮಿ ಬೀಳಿಸಿದವರಲ್ಲ. ಸಂಜೆ ಲೋಕಲ್ ಹಿಡಿಯುವ ಮುಂಚೆ ಸ್ಟೇಷನ್ ಹತ್ತಿರದ ಪರ್ಮಿಟ್ ರೂಮಿನಲ್ಲಿ ಒಂದು ಕ್ವಾರ್ಟರ್, ನಿಂತುಕೊಂಡೇ, ಹತ್ತು ನಿಮಿಷದಲ್ಲಿ. ಚಖನಾ ಅಂತ ನಾಲ್ಕು ಶೇಂಗಾ. ಆಮೇಲೆ ಏಲಕ್ಕಿ, ಪಾನ್. ಮನೆಯಲ್ಲಿ ದೇವರ ದೀಪ ಹಚ್ಚುವ ಹೆಂಗಸಿಗೆ ಗೊತ್ತಾಗಬಾರದಲ್ಲ! ಇಪ್ಪತ್ತು ವರ್ಷ ಗೊತ್ತಾಗಲಿಲ್ಲ. ಗೊತ್ತಾದದ್ದು ಆಸ್ಪತ್ರೆಯಲ್ಲಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡ ಮೇಲೆ, ಡಾಕ್ಟರು "ಎಷ್ಟು ವರ್ಷದಿಂದ ಕುಡಿಯುತ್ತಾರೆ?" ಅಂತ ಕೇಳಿದಾಗ. ಆ ತಾಯಿ ನಮ್ಮ ಮುಖ ನೋಡಿದರು. ನಮಗೆಲ್ಲ ಗೊತ್ತಿತ್ತು, ಅವರೊಬ್ಬರಿಗೆ ಗೊತ್ತಿರಲಿಲ್ಲ.

ಲೆಕ್ಕ ಹಾಕಿ. ನಮ್ಮ ದೇಶದ ರಮ್ಮಿನಲ್ಲಿ ಸಾಮಾನ್ಯವಾಗಿ ಶೇ. 42.8 ಮದ್ಯಸಾರ. 180 ಎಂ.ಎಲ್. ಕ್ವಾರ್ಟರಿನಲ್ಲಿ 77 ಎಂ.ಎಲ್., ತೂಕದಲ್ಲಿ ಸುಮಾರು 60 ಗ್ರಾಂ. ವರ್ಷಕ್ಕೆ 300 ದಿನ ಹಿಡಿದರೆ 18 ಕಿಲೋ. ಇಪ್ಪತ್ತು ವರ್ಷಕ್ಕೆ 360 ಕಿಲೋ. ಇಷ್ಟು ದೊಡ್ಡ ಖಾತೆ, ಒಂದು ಎಂಟ್ರಿಯೂ ಮನೆಯವರ ಕಣ್ಣಿಗೆ ಬಿದ್ದಿಲ್ಲ. ಆಡಿಟ್ ಇಲ್ಲದ ಖಾತೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ಕುಡಿದಿದ್ದರೆ ಅವರು ಬದುಕುತ್ತಿದ್ದರೋ ಇಲ್ಲವೋ, ಎರಡನೆಯ ವರ್ಷಕ್ಕಾದರೂ ಆ ತಾಯಿ ಬಾಟಲಿ ಎಣಿಸುತ್ತಿದ್ದರು.

ಈಗ ಮೊಹಿತೊಗೆ ಬರೋಣ. ಮಾಡುವುದು ನಮ್ಮ ಪಾನಕದಷ್ಟೇ ಸುಲಭ, ಆದರೆ ಕೆಡಿಸುವುದು ಅದಕ್ಕಿಂತ ಸುಲಭ. ಒಂದು ಗ್ಲಾಸಿಗೆ ಎರಡು ಟೀ ಚಮಚ ಸಕ್ಕರೆ, 20 ಎಂ.ಎಲ್. ನಿಂಬೆರಸ. ಮೊದಲು ಇವೆರಡನ್ನೇ ಕಲಕಿ ಸಕ್ಕರೆ ಕರಗಿಸಬೇಕು, ಐಸು ಬಿದ್ದ ಮೇಲೆ ಸಕ್ಕರೆ ಕರಗುವುದಿಲ್ಲ, ತಳದಲ್ಲಿ ಕೂರುತ್ತದೆ. ಆಮೇಲೆ ತೊಳೆದ ಪುದೀನದ ಆರು ಕುಡಿ. ಇಲ್ಲಿಯೇ ಎಲ್ಲರೂ ಎಡವುವುದು. ಪುದೀನವನ್ನು ಚಟ್ನಿಗೆ ಕುಟ್ಟಿದ ಹಾಗೆ ಕುಟ್ಟುತ್ತಾರೆ. ಎಲೆ ಹರಿದರೆ ಕಹಿ ಬಿಡುತ್ತದೆ, ಹಲ್ಲಿಗೆ ಚೂರು ಸಿಗುತ್ತದೆ. ಲಟ್ಟಣಿಗೆಯ ತುದಿಯಿಂದ ನಾಲ್ಕು ಸಲ ಮೆಲ್ಲಗೆ ಒತ್ತಿದರೆ ಸಾಕು, ಘಮ ತಾನಾಗಿ ಬರುತ್ತದೆ. ಮೇಲೆ ಐಸು, ಸೋಡಾ. ಐಸು ಮನೆಯ ಫ್ರಿಜ್ಜಿನದೇ ಇರಲಿ, ಕುದಿಸಿ ಆರಿಸಿದ ನೀರಿನದು. ಕೈಗಾಡಿಯ ಬರ್ಫು ಮೀನಿಗೆ ಸರಿ. ತಿನ್ನಲಾಗದ ಐಸಿಗೆ ನೀಲಿ ಬಣ್ಣ ಹಾಕಬೇಕೆಂದು ಮಹಾರಾಷ್ಟ್ರದಲ್ಲಿ 2018ರಲ್ಲಿ ನಿಯಮ ಮಾಡಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ನಿಂಬೆಯ ವಿಷಯದಲ್ಲಿ ನಾವು ಯಾವ ದೇಶಕ್ಕೂ ಕೈ ಚಾಚಬೇಕಾಗಿಲ್ಲ. ನಮ್ಮ ತೆಳು ಸಿಪ್ಪೆಯ ಸಣ್ಣ ಹಣ್ಣೇ ಇದಕ್ಕೆ ಹೇಳಿ ಮಾಡಿಸಿದ್ದು. ವಿಜಯಪುರ ಜಿಲ್ಲೆಯ ಇಂಡಿಯ ನಿಂಬೆಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, ನನಗೆ ಮನೆಯಲ್ಲಿ ಮದುವೆ ಆದಷ್ಟು ಸಂತೋಷವಾಯಿತು. ಪುದೀನ ವಾಶಿಯ ಮಾರ್ಕೆಟ್ಟಿನಿಂದಲೇ ಆಗಬೇಕೆಂದಿಲ್ಲ, ಡೊಂಬಿವಲಿ ಸ್ಟೇಷನ್ನಿನ ಹೊರಗೆ ಸಂಜೆ ಕೂರುವ ಮುದುಕಿಯ ಕಟ್ಟು ಸಾಕು. ಇನ್ನು ನವಿಮುಂಬಯಿಯ ಮಾಲುಗಳಲ್ಲಿ ಹಸಿರು ಸಿರಪ್ಪು ಹಾಕಿ 'ವರ್ಜಿನ್ ಮೊಹಿತೊ' ಅಂತ ಕೊಡುತ್ತಾರಲ್ಲ, ಅದು ಬಾಯಿ ಮುಕ್ಕಳಿಸುವ ಔಷಧಿ, ಬಿಟ್ಟುಬಿಡಿ.

ರಮ್ ಬಿಳಿಯದು. ಬಕಾರ್ಡಿ ಹುಟ್ಟಿದ್ದು 1862ರಲ್ಲಿ, ಕ್ಯೂಬಾದ ಸ್ಯಾಂಟಿಯಾಗೊದಲ್ಲಿ. 1960ರಲ್ಲಿ ಕ್ಯಾಸ್ಟ್ರೊ ಸರ್ಕಾರ ಆಸ್ತಿ ಕಿತ್ತುಕೊಂಡ ಮೇಲೆ ಊರು ಬಿಟ್ಟ ಕಂಪನಿ; ಅದೂ ನಮ್ಮ ಹಾಗೆ ಹೊರನಾಡಿನದೇ. ಅದು ಭಾರತಕ್ಕೆ ಬಂದು ಕಾರ್ಖಾನೆ ಹಾಕಿದ್ದು ಎಲ್ಲಿ ಗೊತ್ತೇ? ನಂಜನಗೂಡಿನಲ್ಲಿ! ನಂಜುಂಡೇಶ್ವರನ ಊರಿನಲ್ಲಿ ತಯಾರಾದದ್ದನ್ನು ಡೊಂಬಿವಲಿಯಲ್ಲಿ ಕುಡಿದರೆ ಸಂಸ್ಕಾರ ಕೆಡುತ್ತದಂತೆ. 2007ರ ಜುಲೈಯಲ್ಲಿ ಕರ್ನಾಟಕ ಸಾರಾಯಿ ನಿಲ್ಲಿಸಿತು, ಒಳ್ಳೆಯ ಕೆಲಸ. ಆಮೇಲೆ ಸರ್ಕಾರದ್ದೇ ಎಂಎಸ್‌ಐಎಲ್ ಮದ್ಯದಂಗಡಿಗಳು ಊರೂರಿಗೆ ಬಂದವು. ಅಲ್ಲಿಂದ ಬಾಟಲಿ ಪೇಪರಿನಲ್ಲಿ ಸುತ್ತಿಕೊಂಡು ಹೊಲದ ಬದುವಿಗೆ, ಕೆರೆ ದಂಡೆಗೆ ಹೋಗುವವರು ಯಾರು ಸ್ವಾಮಿ? ಮುಂಬಯಿಯವರೇ?

ರಮ್ಮಿನ ಅಳತೆ 45 ಎಂ.ಎಲ್. ಕೆಮ್ಮಿನ ಔಷಧಿಯ ಜೊತೆ ಬರುವ 15 ಎಂ.ಎಲ್. ಮುಚ್ಚಳದಲ್ಲಿ ಮೂರು ಸಲ. ಅದರಲ್ಲಿ 15 ಗ್ರಾಂ ಮದ್ಯಸಾರ. ಕಣ್ಣಂದಾಜು ಕೂಡದು, ಯಾಕೆಂದರೆ ಈ ಪಾನೀಯದ ಗುಣವೇ ಮೋಸ. ಸಕ್ಕರೆ, ಹುಳಿ, ಪುದೀನದ ತಂಪು ಸೇರಿ ರಮ್ಮಿನ ಖಾರ ಮುಚ್ಚಿಬಿಡುತ್ತವೆ. ಮೇ ತಿಂಗಳ ಸೆಕೆಯಲ್ಲಿ ನೀರು ಕುಡಿದ ಹಾಗೆ ಮೂರು ಗ್ಲಾಸು ಇಳಿದುಹೋಗುತ್ತದೆ. ಮನೆಯಲ್ಲಿ ಮಾಡುತ್ತೇವೆ ಅಂತ ಬೀಗುವ ಹೊಸ ಹುಡುಗರ ಮೇಲೆ ನನಗಿರುವ ಸಿಟ್ಟು ಇದೇ. ದೊಡ್ಡ ಜಗ್ಗಿನಲ್ಲಿ ಪುದೀನ, ನಿಂಬೆ, ಸೋಡಾ ಕಲಕಿ ಅದರ ಮೇಲೆ ಅರ್ಧ ಬಾಟಲಿ ರಮ್ ಬಗ್ಗಿಸುತ್ತಾರೆ. ಯಾರ ಹೊಟ್ಟೆಗೆ ಎಷ್ಟು ಹೋಯಿತು? ದೇವರಿಗೇ ಗೊತ್ತು. ಇದು ಪರ್ಮಿಟ್ ರೂಮಿನ ಕತ್ತಲೆಯನ್ನೇ ಮನೆಗೆ ತಂದ ಹಾಗೆ.

ಒಂದು ಆಕ್ಷೇಪಣೆಗೆ ಮಾತ್ರ ನಾನು ತಲೆಬಾಗುತ್ತೇನೆ. ನಮ್ಮ ಸೋದರ ಸೊಸೆಯೇ ಕೇಳಿದಳು: "ಮಾಮಾ, ಹೊರಗ ಕುಡುದು ಬಂದು ಹೊಡಿಯೋರು ಮನ್ಯಾಗ ಕುಡುದ್ರ ಇನ್ನೂ ಲಗೂನ ಹೊಡೀತಾರಲ್ರೀ?" ನಿಜ. ಯಾವ ಮನೆಯಲ್ಲಿ ಹೆಂಡತಿ "ಸಾಕು" ಅಂದರೆ ಗಂಡ ಗ್ಲಾಸು ಕೆಳಗಿಡುವುದಿಲ್ಲವೋ ಆ ಮನೆಗೆ ಬಾಟಲಿ ಬರಲೇಬಾರದು. ಅಲ್ಲಿ ನನ್ನ ವಾದ ನಡೆಯುವುದಿಲ್ಲ.

ಉಳಿದ ಮನೆಗಳಿಗೆ ನಮ್ಮ ಮನೆಯ ಪದ್ಧತಿ ಹೇಳುತ್ತೇನೆ. ಜಗ್ಗಿಗೆ ರಮ್ ಬೀಳುವುದಿಲ್ಲ. ಜಗ್ಗಿನದು ಎಲ್ಲರಿಗೂ: ಮೊಮ್ಮಗಳಿಗೂ, ಸಕ್ಕರೆ ಕಾಯಿಲೆಯವರಿಗೆ ಸಿಹಿಯಿಲ್ಲದೆ ಬೇರೆಯಾಗಿ, ಊರಿನಿಂದ ಬಂದ ಮಡಿವಂತರಿಗೂ. ಬಾಟಲಿ ಮೇಜಿನ ಮೇಲೆ, ಪಕ್ಕದಲ್ಲಿ ಆ ಮುಚ್ಚಳ. ಬೇಕಾದವರು ಬಾಯಿಬಿಟ್ಟು ಕೇಳಬೇಕು, ತಮ್ಮ ಗ್ಲಾಸಿಗೆ ತಾವೇ ಅಳೆದುಕೊಳ್ಳಬೇಕು, ಎಲ್ಲರ ಎದುರಿಗೆ. ಎರಡನೆಯ ಗ್ಲಾಸಿಗೆ ಕೈ ಹೋದರೆ ನಮ್ಮ ಮನೆಯವಳು ಸಂಖ್ಯೆಯನ್ನು ಗಟ್ಟಿಯಾಗಿ ಹೇಳುತ್ತಾಳೆ. ಮೂರನೆಯದನ್ನು ಇದುವರೆಗೆ ಯಾರೂ ಕೇಳಿಲ್ಲ. ಕೇಳುವ ಧೈರ್ಯವಿದ್ದ ನೆಂಟರು ಊಟಕ್ಕೆ ಮುಂಚೆಯೇ "ಸ್ವಲ್ಪ ಹೊರಗ ಅಡ್ಡಾಡಿ ಬರ್ತೀನಿ" ಅಂತ ಚಪ್ಪಲಿ ಮೆಟ್ಟಿ ಸ್ಟೇಷನ್ ಕಡೆ ಹೋಗುತ್ತಾರೆ. ಅವರು ವಾಪಸ್ಸು ಬಂದಾಗ ಬಾಯಿಂದ ಏಲಕ್ಕಿ ವಾಸನೆ ಬರುತ್ತಿರುತ್ತದೆ.